ಮುಂಬಯಿ ಬರೀ ಎರಡು ತಾಸು

ವಿಮಾನವನ್ನು ಒಮ್ಮೆಯೂ ಹತ್ತದೆ, ವಿಮಾನದ ಬಗ್ಗೆ ಇಡೀ ಇಚಲಕರಂಜಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡಿದವನು ನೂಲಿನ ಅಂಗಡಿಯ ಧನಪಾಲ. ಕೊಲ್ಹಾಪುರದ ಹೊರಗೆ ಉಜಳಾಯಿವಾಡಿಯ ಬಯಲಿನಲ್ಲಿ ಆಗಷ್ಟೇ ವಿಮಾನ ಇಳಿಯತೊಡಗಿತ್ತು. ಧನಪಾಲ ಒಂದು ದಿನ ಹೋಗಿ ಬೇಲಿಯ ಹೊರಗೆ ನಿಂತು ಅದನ್ನು ನೋಡಿಕೊಂಡು ಬಂದ. ಅಂದಿನಿಂದ ಮಗ್ಗದವರು ಅಂಗಡಿಗೆ ಬಂದರೆ ಮೊದಲು ವಿಮಾನದ ಪುರಾಣ, ಆಮೇಲೆ ನೂಲು.

"ರೈಲಿನ ದಾರಿ ಮುನ್ನೂರ ಮೈಲ ದಾಟತೈತ್ರಿ. ಪುಣೆಕ್ಕ ಹೋಗಬೇಕು, ಗಾಡಿ ಬದಲ ಮಾಡಬೇಕು, ಮಿರಜಿಗಿ ಬರಬೇಕು, ಸುತ್ತ ಹೊಡೀಬೇಕು. ಗಾಳಿ ದಾರಿ ಹಂಗಲ್ಲ. ಮುಂಬಯಿ ಜುಹೂದಾಗ ಏರಿದರ ಇನ್ನೂರ ಮೈಲು, ಎರಡ ತಾಸು. ಪುಣೆದಾಗ ಇಳದ ಚಾ ಕುಡದರೂ ಎರಡೂವರಿ!"

"ನೀವ ಯಾವಾಗ ಕುಂತಿದ್ರಿ ಸಾವಕಾರ?" ಎಂದು ಯಾರಾದರೂ ಕೇಳಿದರೆ ಅವನಿಗೆ ತಕ್ಷಣ ತಕ್ಕಡಿಯ ನೆನಪಾಗುತ್ತಿತ್ತು.

ಅವನ ತಾಯಿ ಜಿನಮತಿಗೆ ಗೊತ್ತಿದ್ದ ದೂರ ಮನೆಯಿಂದ ಬಸದಿಯವರೆಗಿನದು ಮಾತ್ರ. ಅರವತ್ತು ದಾಟಿದ ವಿಧವೆ, ಕಡ್ಡಿಯಂಥ ಮೈ. ಆದರೆ ಜೈನರ ಓಣಿಯಲ್ಲಿ ಉಪವಾಸವೆಂದರೆ ಜಿನಮತಿ ಎಂಬ ಹೆಸರು. ಹೊಸದಾಗಿ ವ್ರತ ಹಿಡಿಯುವ ಸೊಸೆಯಂದಿರು ಮೊದಲು ಅವಳ ಮನೆಗೆ ಬಂದು, ಅವಳ ಕೈಯಿಂದ ಒಂದು ಹಿಡಿ ಅಕ್ಕಿ ಸೆರಗಿಗೆ ಹಾಕಿಸಿಕೊಂಡು, ಆಮೇಲೆ ಬಸದಿಗೆ ಹೋಗುತ್ತಿದ್ದರು. ಅವಳ ಅಕ್ಕಿ ಪಡೆದವರ ವ್ರತ ನಡುವೆ ಮುರಿಯುವುದಿಲ್ಲ ಎಂದು ನಂಬಿಕೆ. ಅವಳು ಹೊರಗೆ ತೋರಿಸಿಕೊಳ್ಳುತ್ತಿರಲಿಲ್ಲ, ಆದರೆ ಆ ಅಕ್ಕಿಯನ್ನು ಹಿಂದಿನ ದಿನವೇ ಆರಿಸಿ ಇಡುತ್ತಿದ್ದಳು.

ಆ ವರ್ಷ ಕಾರ್ತಿಕದ ಅಷ್ಟಾಹ್ನಿಕಕ್ಕೆ, ಅಂದರೆ ಹುಣ್ಣಿಮೆಗೆ ಮುಗಿಯುವ ಎಂಟು ದಿನದ ಪರ್ವಕ್ಕೆ, ಅವಳು ಪೂರಾ ಉಪವಾಸ ಮಾಡುವೆನೆಂದಳು. ಮಧ್ಯಾಹ್ನ ಒಮ್ಮೆ ಕಾಯಿಸಿ ಆರಿಸಿದ ನೀರು, ಕೊನೆಯ ದಿನ ಅದೂ ಇಲ್ಲ. ಮರುದಿನ ಪಾಡ್ಯಕ್ಕೆ ಪಾರಣೆ. ನೇಮ ಹಿಡಿಯುವವರು ಬಸದಿಯಲ್ಲಿ ಭಗವಂತನ ಮುಂದೆ ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ನೇಮವನ್ನು ಗಟ್ಟಿಯಾಗಿ ಹೇಳಬೇಕು. ಹೇಳಿದ ಮೇಲೆ ಅದರಲ್ಲಿ ಅಕ್ಷರ ಕೂಡಿಸುವ ಹಾಗಿಲ್ಲ, ಕಳೆಯುವ ಹಾಗಿಲ್ಲ. ಜಿನಮತಿ ಎಲ್ಲ ಹೇಳಿ ಮುಗಿಸಿ, ಕಾಯಿ ಕೆಳಗಿಡುವ ಮೊದಲು ಬಸದಿಯ ಪೂಜಾರಿ ಜಿನದತ್ತ ಉಪಾಧ್ಯೆಯವರನ್ನು ನೋಡಿದಳು.

"ಇನ್ನೊಂದ ಐತ್ರಿ. ಪಾರಣಿ ನಮ್ಮ ಜಯಪಾಲನ ಕೈಲೇ. ಬ್ಯಾರೇದವರ ಕೈಲೆ ನೀರ ಸೈತ ಮುಟ್ಟಾಂಗಿಲ್ಲ ಅಂತ ಹೇಳಬೇಕ ಮಾಡೇನಿ."

ಜಯಪಾಲ ಅವಳ ಕಿರಿಯ ಮಗ. ಮುಂಬಯಿಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದವನು ಮೂರು ವರ್ಷದಿಂದ ಊರಿಗೆ ಬಂದಿರಲಿಲ್ಲ. ಅಣ್ಣನ ನೂಲಿನ ಅಂಗಡಿಯಲ್ಲಿ ಕೂಡಲು ಒಲ್ಲೆನೆಂದು ಹೋದವನು. ಅಣ್ಣತಮ್ಮಂದಿರ ನಡುವೆ ಜಗಳವೆಂಬುದೇನೂ ಆಗಿರಲಿಲ್ಲ, ಮಾತು ಕಡಿಮೆಯಾಗಿತ್ತು, ಅಷ್ಟೆ.

ಉಪಾಧ್ಯೆಯವರು ಹುಬ್ಬು ಗಂಟಿಕ್ಕಿದರು. "ಅಂಥಾ ಷರತ್ತ ಹಾಕಬ್ಯಾಡ್ರಿ ಜಿನಮತಕ್ಕಾ. ಮುಂಬಯಿ ದೂರ ಐತಿ. ಅಂವ ಅವತ್ತ ಬರಲಿಲ್ಲಂದ್ರ ಏನ ಮಾಡ್ತೀರಿ?"

ಜಿನಮತಿ ಹಿಂದೆ ತಿರುಗಿ ಹಿರಿಯ ಮಗನ ಮುಖ ನೋಡಿದಳು. ಅವನು ಬೇಡವೆಂದಿದ್ದರೆ ಅವಳು ಬಿಡುತ್ತಿದ್ದಳು. ಬಸದಿಯ ತುಂಬ ಜನ, ಎಲ್ಲರೂ ಧನಪಾಲನ ಕಡೆಗೇ ನೋಡುತ್ತಿದ್ದಾರೆ. ಅವನಿಗೆ ಬೇರೇನು ಹೊಳೆದೀತು?

"ದೂರ ಎಲ್ಲೀದ್ರಿ ಉಪಾಧ್ಯೇರ? ಮುಂಬಯಿ ಈಗ ಬರೀ ಎರಡ ತಾಸು. ಹೇಳವ್ವಾ, ಧೈರ್ಯಲೆ ಹೇಳ. ಅವನ್ನ ತರೂದು ನನ್ನ ಕಡೆ ಇರಲಿ."

ಅವಳು ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ಧನಪಾಲನಿಗೆ ಒಳಗೆ ಕಸಿವಿಸಿಯಾಯಿತು. ಇಷ್ಟು ವರ್ಷ ದಿನಾ ನೀರು ಸೋಸಿ, ಕಾಯಿಸಿ, ಹೊತ್ತು ಮುಳುಗುವ ಮೊದಲು ತಾಯಿಯ ತಾಟು ತುಂಬಿಸಿದ್ದು ಈ ಮನೆ. ಪಾರಣೆಗೆ ಮಾತ್ರ ಮೂರು ವರ್ಷ ಮುಖ ತೋರಿಸದ ಕೈ ಬೇಕು. ಬೇಕಾದರೆ ಬೇಕು, ಅವಳ ಇಷ್ಟ. ಹಾಗೆಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡರೂ ಅದು ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ಉಳಿಯಿತು.

ಅಂದೇ ಬರೆದು ಹಾಕಿದ ಕಾಗದಕ್ಕೆ ಜಯಪಾಲನಿಂದ ಉತ್ತರ ಬೇಗ ಬಂತು. ರೈಲಿಗೆ ಹೊರಡುತ್ತೇನೆ, ಹುಣ್ಣಿಮೆಯ ದಿನವೇ ಬಂದು ಮುಟ್ಟುತ್ತೇನೆ, ಅವ್ವನಿಗೆ ಕಾಳಜಿ ಬೇಡವೆನ್ನು ಎಂದಿದ್ದ. ಇಷ್ಟಕ್ಕೆ ಸುಮ್ಮನಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಧನಪಾಲ ಅಂಚೆ ಕಚೇರಿಗೆ ಹೋಗಿ ತಾರು ಕೊಟ್ಟ: ರೈಲು ಬೇಡ, ಪಾಡ್ಯದ ಬೆಳಿಗ್ಗೆ ವಿಮಾನಕ್ಕೆ ಬಾ, ಜಾಗ ಹಿಡಿಸಿದ್ದೇನೆ. ತಮ್ಮ ರೈಲಿನಿಂದಿಳಿದು ಟ್ರಂಕು ಹೊತ್ತು ಬಂದರೆ ಊರು ತಾಯಿಯನ್ನು ನೋಡುತ್ತದೆ, ತಮ್ಮನನ್ನು ನೋಡುತ್ತದೆ. ಆಕಾಶದಿಂದ ಇಳಿದರೆ, ಇಳಿಸಿದವನನ್ನೂ ನೋಡುತ್ತದೆ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ತಮ್ಮ ರೈಲಿಗೆ ಬರುವನಿದ್ದ ಎಂಬುದನ್ನು ತಾಯಿಗೂ ಹೇಳಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಬಾಡಿಗೆಗೆ ಮೋಟಾರು ಗೊತ್ತಾಯಿತು, ಸೇವಂತಿಗೆಯ ಹಾರಕ್ಕೆ ಹೇಳಿದ್ದಾಯಿತು. ಹುಣ್ಣಿಮೆಗೆ ಎರಡು ದಿನ ಮೊದಲು ಗಡಹಿಂಗ್ಲಜದಿಂದ ಅಕ್ಕ ಶಾಲನ ಬಂದಳು. ಬಾಯಿ ಜೋರಿನ ಹೆಂಗಸು, ಮೈತುಂಬ ರಸ್ತೆಯ ಧೂಳು.

"ಗಡಹಿಂಗ್ಲಜದಿಂದ ಇಲ್ಲಿಗೆ ಬರಾಕ ನಂಗ ಒಂದ ದಿನಾ ಹಿಡೀತು ಮಾರಾಯಾ. ಮೋಟಾರು ಎರಡ ಸಲ ಕೆಟ್ಟ ನಿಂತು. ನಿನ್ನ ವಿಮಾನ ಕೆಟ್ಟರ ಎಲ್ಲಿ ನಿಂದರತೈತೋ?"

ಎಲ್ಲರೂ ನಕ್ಕರು. ಚಾಪೆಯ ಮೇಲೆ ಮಲಗಿದ್ದ ಜಿನಮತಿಯೂ ನಕ್ಕಳು. ಧನಪಾಲ ಎಲ್ಲರಿಗಿಂತ ಜೋರಾಗಿ ನಕ್ಕ.

ಪಾಡ್ಯದ ದಿನ ಬೆಳಿಗ್ಗೆಯಿಂದಲೇ ಮೋಡ. ಕಾರ್ತಿಕದಲ್ಲಿ ಮೋಡ ಹೊಸದೇನಲ್ಲ. ಧನಪಾಲ ನಾಲ್ಕು ಜನ ಗೆಳೆಯರನ್ನು ತುಂಬಿಕೊಂಡು, ಹಾರವನ್ನು ತೊಡೆಯ ಮೇಲಿಟ್ಟುಕೊಂಡು ಉಜಳಾಯಿವಾಡಿಗೆ ಹೋದ. ಬಯಲಿನಲ್ಲಿ ಒಂದು ಕೋಣೆಯ ಕಚೇರಿ, ಕಂಬಕ್ಕೆ ಕಟ್ಟಿದ ಬಟ್ಟೆಯ ಗಾಳಿಚೀಲ, ಮೇಯುವ ನಾಲ್ಕು ಎಮ್ಮೆ. ವಿಮಾನ ಬರುವ ಹೊತ್ತಾಯಿತು, ಬರಲಿಲ್ಲ. ಗೆಳೆಯರು ಆಕಾಶ ನೋಡಿದರು, ಆಮೇಲೆ ಅವನ ಮುಖ ನೋಡಿದರು, ಆಮೇಲೆ ತಮ್ಮ ತಮ್ಮೊಳಗೆ ಬೆಲ್ಲದ ಪೇಟೆಯ ಮಾತಿಗೆ ಇಳಿದರು. ಧನಪಾಲ ಒಬ್ಬನೇ ಬೇಲಿಗೆ ಆತು ನಿಂತ. ಮೋಡದ ಹಿಂದೆ ಏನೋ ಗುಡುಗುಡು ಎಂದಾಗಲೆಲ್ಲ ಹಾರವನ್ನು ಎತ್ತಿಕೊಂಡ. ಪ್ರತಿಸಲವೂ ಅದು ಕೊಲ್ಹಾಪುರದ ರಸ್ತೆಯ ಲಾರಿಯೇ ಆಗಿತ್ತು.

ಮಧ್ಯಾಹ್ನ ಇಳಿಯಿತು. ಕಚೇರಿಯ ಮನುಷ್ಯ ಹೊರಗೆ ಬಂದು ಕೈಯಾಡಿಸಿದ.

"ಆಜ ನಾಹೀ ಯೇಣಾರ, ಶೇಟಜೀ. ಇವತ್ತ ಬರೂದಿಲ್ಲ. ವಿಮಾನ ಪುಣೆದಾಗ ನಿಂತೇತಿ. ಈ ಕಡೆ ಮೋಡ ಭಾಳ ಐತಂತ."

"ಅದರಾಗಿದ್ದ ಮಂದಿ?"

"ಅದ ನಮಗ ಹೆಂಗ ಗೊತ್ತಾಗಬೇಕ್ರಿ?"

ಮೋಟಾರು ಹಿಂದಿರುಗಿತು. ಹಾತಕಣಂಗಲೆಯ ಹತ್ತಿರ ಬರುವಷ್ಟರಲ್ಲಿ ಮೋಡದ ಅಂಚಿನಲ್ಲಿ ಹೊತ್ತು ಮುಳುಗಿತು. ಧನಪಾಲ ಕಣ್ಣು ಮುಚ್ಚಿಕೊಂಡ. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಮಕ್ಕಳು ಕೂಡ ಅಗಳು ಮುಟ್ಟುತ್ತಿರಲಿಲ್ಲ. ಎಂಟು ದಿನ ಅನ್ನವಿಲ್ಲದೆ, ನಿನ್ನೆಯಿಂದ ನೀರೂ ಇಲ್ಲದೆ ಮಲಗಿದವಳಿಗೆ ಇನ್ನು ನಾಳೆ ಬೆಳಗಾಗುವವರೆಗೆ ಏನೂ ಇಲ್ಲ.

ಮನೆಯಲ್ಲಿ ಉಪಾಧ್ಯೆಯವರು ತಾಯಿಯ ಪಕ್ಕದಲ್ಲಿ ಕೂತಿದ್ದರು. ಮಗ ಬರಲಾಗದಿದ್ದರೆ ಪ್ರಾಯಶ್ಚಿತ್ತ ಮಾಡಿಕೊಂಡು ನೇಮ ಬಿಡಬಹುದು, ಆದರೆ ಹಿಡಿದವಳೇ ಮನಸಾರೆ ಬಿಡಬೇಕು, ಬೇರೆಯವರು ಬಿಡಿಸುವ ಹಾಗಿಲ್ಲ ಎಂದು ಆಗಲೇ ಹೇಳಿದ್ದರು. ಜಿನಮತಿ ಒಲ್ಲೆನೆಂದಿದ್ದಳು. ಧನಪಾಲ ಒಳಗೆ ಬಂದಾಗ ಅವಳು ಕಣ್ಣು ತೆರೆದಳು.

"ಬಂದನೇನಪಾ?"

"ನಾಳೆ ಬರತಾನವ್ವಾ."

"ಹಂಗಾರ ನಾಳೆ ನೋಡೂಣು," ಎಂದು ಅವಳು ಕಣ್ಣು ಮುಚ್ಚಿದಳು. ಅವಳ ದನಿಯಲ್ಲಿ ಬೈಗುಳ ಇದ್ದಿದ್ದರೆ ಧನಪಾಲನಿಗೆ ಅಂದು ನಿದ್ದೆಯಾದರೂ ಬರುತ್ತಿತ್ತು.

ಬೆಳಿಗ್ಗೆ ಅವಳ ತುಟಿ ಒಡೆದು ಬೆಳ್ಳಗಾಗಿತ್ತು. ಕರೆದರೆ ಓಗೊಡಲು ತಡವಾಗುತ್ತಿತ್ತು. ಶಾಲನ ಗಾಬರಿಯಾಗಿ ವೈದ್ಯರನ್ನು ಕರೆಯಲು ಓಡಿದಳು. ಮನೆಯ ಉಳಿದವರು ಉಪಾಧ್ಯೆಯವರ ಜೊತೆ ಬಸದಿಗೆ ಹೋಗಿದ್ದರು. ಕೋಣೆಯಲ್ಲಿ ತಾಯಿ, ಮಗ ಇಬ್ಬರೇ. ಬಿಸಿಲು ಅಂಗಳಕ್ಕೆ ಬಂದಿತ್ತು. ಪಾರಣೆಗೆಂದು ಕಾಯಿಸಿ ಆರಿಸಿದ ನೀರು ಬೆಳ್ಳಿಯ ಬಟ್ಟಲಿನಲ್ಲಿ ಸಿದ್ಧವಿತ್ತು. ಧನಪಾಲ ಅದನ್ನು ಕೈಗೆತ್ತಿಕೊಂಡ.

"ಅವ್ವಾ, ಒಂದ ಗುಟುಕ ಕುಡಿ. ನಿನ್ನ ಕಾಲ ಬೀಳತೇನಿ."

ಅವಳು ತಲೆಯಾಡಿಸಿದಳು.

"ಜಯಪಾಲ ರೈಲಿಗೇ ಬರತೇನಿ ಅಂದಿದ್ದ ಅವ್ವಾ. ಹುಣ್ಣಿವಿ ದಿನಾನ ಬಂದ ಮುಟ್ಟತಿದ್ದ. ನಾನೇ ಬ್ಯಾಡ ಅಂತ ತಾರ ಕೊಟ್ಟೆ. ಮಂದಿ ನೋಡ್ಲಿ ಅಂತ."

ಜಿನಮತಿ ಕಣ್ಣು ತೆರೆದು ಅವನನ್ನು ಬಹಳ ಹೊತ್ತು ನೋಡಿದಳು. "ಯಾಕಪಾ?"

"ನಿಂಗ ಅವನ ಕೈನ ಬೇಕಾಗಿತ್ತು. ನಂದೂ ಏನರೆ ಒಂದ ಇರಲಿ ಅಂತ ಮಾಡಿದೆ." ನಲವತ್ತು ದಾಟಿದ ಗಂಡಸು ಚಾಪೆಯ ಅಂಚಿಗೆ ಹಣೆಯಿಟ್ಟು ಬಿಕ್ಕಿಬಿಕ್ಕಿ ಅತ್ತ. "ನಿಂಗೇನರೆ ಆದರ ನಾ ಬದಕಾಂಗಿಲ್ಲವ್ವಾ. ಪಂಚಗಂಗೀ ಹೊಳಿಗಿ ಬೀಳತೇನಿ. ಕುಡಿಯವ್ವಾ."

ಒಡೆದ ತುಟಿಯ ಮೇಲೆ ನಾಲಿಗೆಯಾಡಿಸಲು ಅವಳಿಗೆ ಆಗಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟಳು.

"ಹುಚ್ಚ. ನೇಮಾ ಹ್ವಾದರ ಮತ್ತೊಂದ ಜನ್ಮದಾಗ ಹಿಡದೇನು. ನೀ ಹ್ವಾದರ ನಾ ಏನ ಮಾಡ್ಲಿ? ತಾ, ಕುಡಸು."

ಅವನು ಕುಡಿಸಿದ. ಒಂದು ಗುಟುಕು, ಇನ್ನೊಂದು. ನೀರು ಗಂಟಲಲ್ಲಿ ಇಳಿಯುವಾಗ ಅವಳ ಕಣ್ಣಂಚಿನಿಂದ ಒಂದು ಹನಿ ಕಿವಿಯ ಕಡೆಗೆ ಹರಿಯಿತು. ಧನಪಾಲನಿಗೆ ಎದೆಯ ಮೇಲಿನ ಬಂಡೆ ಸರಿದಂತಾಯಿತು. ಮುಂದೆ ಎಷ್ಟೋ ದಿನ ಅವನನ್ನು ತಿಂದದ್ದು ಇದೇ. ತಾಯಿ ಅಳುತ್ತ ನೇಮ ಮುರಿದ ಗಳಿಗೆಯಲ್ಲಿ ಅವನಿಗೆ ಬರೀ ಹಾಯೆನಿಸಿತ್ತು.

ಶಾಲನ ವೈದ್ಯರೊಡನೆ ಬಾಗಿಲಿಗೆ ಬಂದವಳು ಬಟ್ಟಲನ್ನೂ ತಾಯಿಯ ಒದ್ದೆ ತುಟಿಯನ್ನೂ ನೋಡಿ ಅಲ್ಲೇ ನಿಂತಳು. "ಅವ್ವಾ! ಕುಡದಿ?"

ಧನಪಾಲ ಬಾಯಿ ತೆರೆದ. ಅಷ್ಟರಲ್ಲಿ ಜಿನಮತಿ ಹೇಳಿದಳು, "ಹೌದವ್ವಾ. ನೀರಡಿಕಿ ತಡೀಲಿಲ್ಲ. ನಾನೇ ಕೇಳಿ ಕುಡದೆ."

ಅವನು ಬಾಯಿ ಮುಚ್ಚಿದ. ಒಂದು ಕ್ಷಣ ತಡೆದು ಹೇಳೋಣವೆಂದುಕೊಂಡ. ವೈದ್ಯರು ನಾಡಿ ಹಿಡಿದರು, ಇನ್ನೂ ನೀರು ಕೊಡಿ ಎಂದರು, ಹೆಸರುಬೇಳೆಯ ಕಟ್ಟು ತರಿಸಿದರು. ಆ ಗಡಿಬಿಡಿಯಲ್ಲಿ ಹೇಳುವ ಕ್ಷಣ ದಾಟಿಹೋಯಿತು.

ಪಾತ್ರೆಯಲ್ಲಿನ ಕಟ್ಟು ಇನ್ನೂ ಬಿಸಿಯಿರುವಾಗಲೇ ಹೊರಗೆ ಟಾಂಗಾ ನಿಂತಿತು. ಜಯಪಾಲ ಚಪ್ಪಲಿ ಕಳೆಯುವುದನ್ನೂ ಮರೆತು ಒಳಗೆ ಓಡಿಬಂದ. ಕೆಂಪು ಕಣ್ಣು, ಕೂದಲಿನಲ್ಲಿ ರೈಲಿನ ಮಸಿ.

"ವಿಮಾನ ಪುಣೆಕ್ಕ ಮುಕ್ಕಾಲ ತಾಸಿನ್ಯಾಗ ಬಂತ ಅಣ್ಣಾ. ಮುಂದ ಈಗ ಬಿಡತೇವಿ, ಆಗ ಬಿಡತೇವಿ ಅಂತ ದಿನಾಪೂರ ಕುಂದರಿಸಿದ್ರು. ಕಡೀಕ ಸಂಜಿ ರೈಲ ಹಿಡದ ಬಂದೆ. ಅವ್ವಾ, ಬಂದೇನಿ ನೋಡ. ಎಲ್ಲೈತಿ ನೀರು?"

ಅವನು ಬಟ್ಟಲು ನೋಡಿದ, ಕಟ್ಟಿನ ಪಾತ್ರೆ ನೋಡಿದ.

"ನೀರಡಿಕಿ ತಡೀಲಿಲ್ಲಪಾ," ಎಂದಳು ಜಿನಮತಿ.

ಜಯಪಾಲ ಕುಸಿದು ಕೂತ. ಎರಡು ದಿನದ ಓಡಾಟ, ನಿದ್ದೆಗೆಟ್ಟ ಕಣ್ಣು. ಅವನು ಕೆಟ್ಟವನಲ್ಲ, ಬಾಯಿ ತಪ್ಪಿ ಆಡಿದ. "ಇನ್ನಽ ಸ್ವಲ್ಪ ತಡೀಬೇಕಿತ್ತವ್ವಾ."

"ಹೌದಪಾ. ತಪ್ಪಾತು."

ಮಗನ ಮುಂದೆ ತಾಯಿ ತಪ್ಪಾಯಿತು ಎನ್ನುವುದನ್ನು ಧನಪಾಲ ಗೋಡೆಗೆ ಬೆನ್ನು ಹಚ್ಚಿ ನಿಂತು ಕೇಳಿದ. ಈಗಲಾದರೂ ಹೇಳಬೇಕಿತ್ತು. ಹೇಳಿದರೆ ತಾರಿನ ಮಾತು ಬರುತ್ತದೆ, ಯಾಕೆ ಕೊಟ್ಟೆ ಎಂದು ಶಾಲನ ಕೇಳುತ್ತಾಳೆ, ಓಣಿಯೆಲ್ಲ ಕೇಳುತ್ತದೆ. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನ ಜಯಪಾಲ ಇದ್ದ, ಮುಜುಗರವಾಯಿತು. ಅವನು ಮುಂಬಯಿಗೆ ಹೊರಟ ಮೇಲೆ, ಇನ್ನು ಯಾಕೆ ಎಂದೆನಿಸಿತು.

ಜಿನಮತಿ ಚೇತರಿಸಿಕೊಂಡು ಬಸದಿಗೆ ಹೋಗತೊಡಗಿದಳು. ಮೊದಲ ದಿನವೇ ಎದುರು ಮನೆಯ ಯಮುನಾಬಾಯಿ ನಗುತ್ತ ಕೇಳಿದಳು. "ಏನ್ರಿ ಜಿನಮತಕ್ಕಾ, ಇಡೀ ಹೊಳಿ ಈಸಿ ದಂಡ್ಯಾಗ ಮುಳಗಿದ್ರೆಲ್ಲ?"

"ಹೌದ ತಂಗಿ. ನೀರಡಿಕಿ ಭಾಳ ಕೆಟ್ಟದ್ದು," ಎಂದು ಜಿನಮತಿಯೂ ನಕ್ಕಳು.

ಚಳಿಗಾಲ ಕಳೆದು ಫಾಲ್ಗುಣದ ಅಷ್ಟಾಹ್ನಿಕ ಬಂತು. ಹಿಂದಿನ ದಿನ ಜಿನಮತಿ ಮೊರದ ತುಂಬ ಅಕ್ಕಿ ಆರಿಸಿ, ತಟ್ಟೆಯಲ್ಲಿ ಹಾಕಿ ಪಡಸಾಲೆಯಲ್ಲಿಟ್ಟಳು. ಬೆಳಿಗ್ಗೆ ಮಿಂದು, ಬಿಳಿ ಸೀರೆಯುಟ್ಟು ತಟ್ಟೆಯ ಪಕ್ಕ ಕೂತಳು. ಓಣಿಯಲ್ಲಿ ಹೊಸ ಸೀರೆಗಳು ಸರಭರ ಹಾದುಹೋದವು. ಹೊಸ ಸೊಸೆಯೊಬ್ಬಳು ಇತ್ತ ತಿರುಗಿದಳು. ಅವಳ ಅತ್ತೆ ಮೊಣಕೈ ಹಿಡಿದು ಮುಂದಕ್ಕೆ ಕರೆದೊಯ್ದಳು. ಬಿಸಿಲು ಏರುವವರೆಗೆ ಕೂತಿದ್ದು, ಜಿನಮತಿ ಎದ್ದು ಅಕ್ಕಿಯನ್ನು ಮತ್ತೆ ಡಬ್ಬಿಗೆ ಸುರಿದಳು. ಅಂಗಡಿಗೆ ಹೊರಟು ನಿಂತಿದ್ದ ಧನಪಾಲ ಅದನ್ನು ನೋಡಿದ. ಅವನಿಗೆ ತಾನೇ ಅವಳ ತಟ್ಟೆಯಿಂದ ಅಕ್ಕಿ ಕದ್ದಂತೆನಿಸಿತು. ಅಂಗಡಿಯ ಬೀಗದ ಕೈಯನ್ನು ಗೂಟಕ್ಕೆ ಹಾಕಿ, ತಾಯಿಯ ಹಿಂದೆ ಬಸದಿಗೆ ನಡೆದ.

ಪೂಜೆ ಮುಗಿದು ಜನ ಏಳುವ ಮೊದಲು ಅವನು ಎದ್ದು ನಿಂತ.

"ಎಲ್ಲಾರೂ ಒಂದ ಮಾತ ಕೇಳ್ರಿ. ಕಾರ್ತಿಕದಾಗ ನಮ್ಮವ್ವ ನೀರ ಕೇಳಲಿಲ್ಲ. ನಾನೇ ಅತ್ತು ಕರದು ಕುಡಸೀನಿ. ತಮ್ಮ ರೈಲಿಗೆ ಬರಾಂವ ಇದ್ದ, ನನ್ನ ಡೌಲಿಗೆ ನಾನೇ ಬ್ಯಾಡ ಅಂದಿದ್ದೆ. ನೇಮಾ ಮುರದಾಂವ ನಾನು. ಆಕೀದೇನೂ ತಪ್ಪಿಲ್ಲ."

ಎಲ್ಲರಿಗಿಂತ ಮೊದಲು ಉಪಾಧ್ಯೆಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಮಗಾ ಅಂದರ ಹಿಂಗ ಇರಬೇಕು ನೋಡ್ರಿ. ತಾಯಿ ತಪ್ಪ ತನ್ನ ಮ್ಯಾಲ ಹಾಕ್ಕೊಂಡ ನಿಂತಾನ."

"ಅಲ್ರಿ, ನಾ ಖರೇನ ಹೇಳಾಕತ್ತೇನಿ!"

"ಗೊತ್ತೈತಪಾ, ಗೊತ್ತೈತಿ," ಎಂದಳು ಯಮುನಾಬಾಯಿ ಸೆರಗಿನಿಂದ ಮೂಗೊರೆಸುತ್ತ. "ಆಕಿ ಪುಣ್ಯಾ ಮಾಡ್ಯಾಳ, ನಿನ್ನಂಥಾ ಮಗನ್ನ ಹಡದಾಳ." ಅವನು ಆಣೆಯಿಟ್ಟ. ಭಗವಂತನ ಮುಂದೆ ತಾಯಿಗಾಗಿ ಆಣೆಯನ್ನೂ ಇಟ್ಟನಲ್ಲ ಎಂದು ಹಿಂದಿದ್ದವರು ಲೊಚಗುಟ್ಟಿದರು. ಕೊನೆಗೆ ಅವನು ಹೆಂಗಸರು ಕೂತ ಕಡೆಗೆ ತಿರುಗಿದ. "ಅವ್ವಾ, ನೀನರೆ ಹೇಳ."

ಎಲ್ಲರೂ ಜಿನಮತಿಯನ್ನು ನೋಡಿದರು. ಅವಳು ಜಪಮಾಲೆಯನ್ನು ಮಡಚಿ ಚೀಲಕ್ಕೆ ಹಾಕಿದಳು.

"ನಾ ಅವತ್ತ ಹೇಳಿದ್ದೇ ಖರೆ. ನೀರಡಿಕಿ ಆಗಿತ್ತು. ಮನೀಗಿ ನಡೀಪಾ."

ಹೊರಗೆ ಬಂದ ಮೇಲೆ, ಯಾರೂ ಇಲ್ಲದ ಕಡೆ, ಅವನು ಅವಳನ್ನು ತಡೆದ. "ಯಾಕವ್ವಾ ಹಂಗ ಅಂದಿ?"

"ಅವತ್ತ ಶಾಲನ ಕೇಳಿದಾಗ ನೀ ಹೇಳಿದ್ದರ ನಾ ಹೌದ ಅಂತಿದ್ದೆ. ಈಗ ಹೌದ ಅಂದರ ಮಂದಿ ಮಗನ್ನೂ ಬೈತಾರ, ನನ್ನನ್ನೂ ಸುಳ್ಳಿ ಅಂತಾರ." ಅವಳಿಗೆ ಏದುಸಿರು ಬಂದಿತ್ತು. "ಜನ್ಮದಾಗ ಒಂದ ಸುಳ್ಳ ಹೇಳೇನಿ, ನಿನ್ನ ಸಲುವಾಗಿ. ಅದನ್ನರೆ ದಂಡ ಮಾಡಬ್ಯಾಡ."

ಬಸದಿಯಿಂದ ಇವರಿಗಿಂತ ಮೊದಲು ಹೊರಟ ನೆರೆಯ ಬಾಳಗೊಂಡ ಪಾಟೀಲ ಓಣಿಯ ತಿರುವಿನ ಕಟ್ಟೆಯ ಮೇಲೆ ನಾಲ್ಕು ಜನರನ್ನು ಕೂಡಿಸಿಕೊಂಡು ಆಗಲೇ ಸುದ್ದಿ ಹೇಳುತ್ತಿದ್ದ. ಇವರನ್ನು ಕಂಡು ಐವರೂ ಎದ್ದು ನಿಂತು ಧನಪಾಲನಿಗೆ ಎರಡೂ ಕೈ ಎತ್ತಿ ಮುಗಿದರು. ಜಿನಮತಿ ಸೆರಗನ್ನು ಹಣೆಯ ಮುಂದಕ್ಕೆ ಎಳೆದುಕೊಂಡು, ಗೋಡೆಯ ಬದಿ ಹಿಡಿದು ಅವರನ್ನು ದಾಟಿ ಹೋದಳು. ಧನಪಾಲ ಅಲ್ಲಿಯೇ ನಿಂತು, ಅವರಿಗೆ ತಿರುಗಿ ಕೈಮುಗಿದ.